ನೀರುನಾಡಿನಲ್ಲಿ ಗಾಂಜಾ ಬೆಳೆದವರು

ಉತ್ತರ ಕರ್ನಾಟಕದ ಮನೆಗಳಲ್ಲಿ ಪುಂಡಿಪಲ್ಯವನ್ನು ಉಣ್ಣದವರು ವಿರಳ. ಬೆರಳುಗಳಂತೆ ಸೀಳಿಕೊಂಡಿರುವ ಆ ಗಿಡದ ಎಲೆಯನ್ನು ನೋಡಿ ಲಿನ್ನೇಯಸ್ ಪಂಡಿತನು ಅದಕ್ಕೆ ‘ಕ್ಯಾನ್ನಾಬಿನಸ್’, ಎಂದರೆ ಗಾಂಜಾದಂಥದು, ಎಂದು ಹೆಸರಿಟ್ಟನು. ಪುಂಡಿಗೂ ಗಾಂಜಾಕ್ಕೂ ಎಲೆಯ ಹೋಲಿಕೆಯ ಹೊರತು ಬೇರೆ ನಂಟಿಲ್ಲ. ಗೃಹಿಣಿಯರು ನಿಶ್ಚಿಂತರಾಗಿ ಪಲ್ಯ ಮಾಡಬಹುದು. ನಾವು ಇಂದು ವಾಚಕರ ಮುಂದಿಡುವುದು ನಿಜವಾದ ಗಾಂಜಾದ ಕಥೆಯನ್ನು, ಅದರಲ್ಲಿಯೂ ಮಳೆ ಮಂಜುಗಳ ನಾಡಿನಲ್ಲಿ ಅದನ್ನು ಬೆಳೆದ ರೈತರ ಕಥೆಯನ್ನು. ಇದು ಚರಿತ್ರೆಯೇ ಹೊರತು ಬೇಸಾಯದ ಪಾಠವಲ್ಲ. ನಮ್ಮ ದೇಶದಲ್ಲಿ 1985ರ ಕಾಯಿದೆಯ ಮೇರೆಗೆ ಅಪ್ಪಣೆಯಿಲ್ಲದೆ ಈ ಗಿಡವನ್ನು ಬೆಳೆಯಿಸಿದವರಿಗೆ 10 ವರ್ಷಗಳವರೆಗೆ ಕಠಿಣ ಸಜೆಯೂ ಲಕ್ಷ ರೂಪಾಯಿಯವರೆಗೆ ದಂಡವೂ ಉಂಟು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಬೇಕು. ಲಿನ್ನೇಯಸನು 1753ರಲ್ಲಿ ಯೂರೋಪಿನ ನಾರುಗಿಡಕ್ಕೆ ‘ಸಟೈವಾ’ ಎಂದನು. 1785ರಲ್ಲಿ ಫ್ರಾನ್ಸಿನ ಲಾಮಾರ್ಕನು ಭಾರತದ ಗಿಡವು ಬೇರೆಯದೆಂದು ಬಗೆದು ಅದಕ್ಕೆ ‘ಇಂಡಿಕಾ’ ಎಂದನು. ಆದರೆ ಈಗಿನ ಪರದೇಶದ ವ್ಯಾಪಾರಿಗಳು ಇಂಡಿಕಾ ಎನ್ನುವುದು ನಮ್ಮ ಬಯಲುಸೀಮೆಯ ಎತ್ತರದ ಗಿಡವನ್ನಲ್ಲ. ಹಿಂದೂಕುಶ ಪರ್ವತಗಳ ಒಣಹವೆಯಲ್ಲಿ ಬೆಳೆಯುವ ಕುಳ್ಳಗಿನ, ಅಗಲೆಲೆಯ ಗಿಡವನ್ನು. ಅದರ ಹೂತೆನೆಯು ಬಹಳ ಒತ್ತಾಗಿರುವುದರಿಂದ ಒಳಗೆ ಗಾಳಿಯಾಡದು. ತೇವದ ಹವೆಯಲ್ಲಿ ಬೂದುಬಣ್ಣದ ಬೂಷ್ಟು ಹಿಡಿದು ತೆನೆಯು ನಡುವಿನಿಂದಲೇ ಕೊಳೆಯುವುದು. ಆಷಾಢ ಶ್ರಾವಣಗಳಲ್ಲಿ ಅಡಕೆಯ ಗೊನೆಗೆ ಕೊಳೆರೋಗ ತಗುಲಿದುದನ್ನು ಕಂಡ ಮಲೆನಾಡಿನ ತೋಟಿಗರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಗಾಣುಗಳು ಬೇರೆಯಾದರೂ ಎರಡಕ್ಕೂ ಬೇಕಾದುದು ಆರದ ತೇವವೇ.

ಹೀಗಿರುವಾಗ ಹಿಂದುಸ್ಥಾನದ ಹೆಸರಾಂತ ಗಾಂಜಾವು ಬೆಳೆದುದು ಎಲ್ಲಿ? ಖಂಡವಾ, ಅಹಮದನಗರಗಳಂತಹ ಒಣನಾಡುಗಳಲ್ಲಿ ಬೆಳೆದುದು ಆಶ್ಚರ್ಯವಲ್ಲ. ಆದರೆ ಬಂಗಾಳದ ಬೆಳೆಯು ರಾಜಶಾಹಿ, ದೀನಾಜಪುರ, ಬಗುಡಾ ಜಿಲ್ಲೆಗಳು ಕೂಡುವೆಡೆಯಲ್ಲಿದ್ದ ನವಗಾಂವ್ ಎಂಬ ನೀರುನಾಡಿನಲ್ಲಿ ಬೆಳೆಯುತ್ತಿತ್ತು. ನದಿಗಳೂ ಜೌಗುನೆಲಗಳೂ ಹೆಣೆದುಕೊಂಡಿರುವ ಸೀಮೆಯದು. ಸರಕಾರದವರು ಬಂಗಾಳದ ಉಳಿದೆಡೆಗಳಲ್ಲಿ ಈ ಬೇಸಾಯವನ್ನು ನಿಲ್ಲಿಸಿ ಇದೊಂದು ಪ್ರಾಂತಕ್ಕೆ ಮಾತ್ರ ಬಿಟ್ಟಿದ್ದರು. ಹೇಮಚಂದ್ರ ಕೆರ್ ಎಂಬ ಅಧಿಕಾರಿಯು 1877ರಲ್ಲಿಯೂ, ಕಲಕತ್ತೆಯ ಸಸ್ಯೋದ್ಯಾನದ ಡೇವಿಡ್ ಪ್ರೇನ್ ಎಂಬವರು 1893ರಲ್ಲಿಯೂ ಅಲ್ಲಿಯ ಕ್ರಮವನ್ನು ವಿವರವಾಗಿ ಬರೆದಿಟ್ಟಿರುವರು.

ಅಲ್ಲಿಯ ರೈತನು ತೇವದೊಡನೆ ಕಾದಾಡಲಿಲ್ಲ. ಅದರಿಂದ ಉಪಾಯವಾಗಿ ತಪ್ಪಿಸಿಕೊಂಡನು. ನೆರೆನೀರು ನಿಲ್ಲದ ಎತ್ತರದ ಮರಳುಮಿಶ್ರಿತ ಭೂಮಿಯನ್ನೇ ಆರಿಸುವನು. ಮಳೆಗಾಲದಲ್ಲಿ ಸಸಿಮಡಿ ಮಾಡಿ, ಮಳೆ ಹಿಂದೆಗೆಯುವ ಹೊತ್ತಿಗೆ ಸಸಿಗಳನ್ನು ಕಿತ್ತು ನೆಡುವನು. ಬಳಿಕ ಬುಡಕ್ಕೆ ಸಗಣಿಯನ್ನೂ ಹಿಂಡಿಯನ್ನೂ ಕೊಟ್ಟು ಮಣ್ಣೇರಿಸುವನು. ಈ ಗಿಡವು ಹಗಲು ಕಿರಿದಾಗುತ್ತ ಬಂದಾಗಲೇ ಹೂವಿಗೆ ಬರುವ ಜಾತಿಯದು. ಆದುದರಿಂದ ಕೊಳೆತಕ್ಕೆ ಈಡಾಗುವ ತೆನೆಯು ಚಳಿಗಾಲದ ಒಣಹವೆಯಲ್ಲಿ ಮೂಡಿ, ಫೆಬ್ರವರಿಯ ಸುಮಾರಿಗೆ ಕೊಯ್ಲಿಗೆ ಬರುತ್ತಿತ್ತು. ಹೂವಿನ ಕಾಲದಲ್ಲಿ ಅಕಾಲವೃಷ್ಟಿಯಾದರೆ ಮಾತ್ರ ವರ್ಷದ ದುಡಿಮೆಗೆ ಅಪಾಯ.

ಇದಕ್ಕಿಂತ ದೊಡ್ಡ ಭಯವು ಇನ್ನೊಂದಿತ್ತು. ಗಾಂಜಾದಲ್ಲಿ ಗಂಡುಗಿಡ ಹೆಂಗಿಡಗಳು ಬೇರೆ ಬೇರೆ. ಗಂಡಿನ ಪರಾಗವು ಗಾಳಿಯಲ್ಲಿ ಹಾರಿ ಹೆಣ್ಣಿಗೆ ತಗುಲಿದರೆ ಬೀಜ ಕಟ್ಟಿ ಅಂಟು ಕಡಿಮೆಯಾಗುವುದು. ಸರಕಿಗೆ ಬೆಲೆ ಬಾರದು. ನೆರೆಯವನ ಹೊಲದಲ್ಲಿ ಕೆಲವು ಗಂಡುಗಿಡಗಳು ಕಣ್ತಪ್ಪಿ ಉಳಿದರೂ ಹಾನಿ ತನಗೆ! ಆದಕಾರಣ ರೈತರು ‘ಪೋದ್ದಾರ’ನೆಂಬ ಪರೀಕ್ಷಕನನ್ನು ಕೂಲಿಗೆ ಕರೆಯುವರು. ಇಂಗ್ಲಿಷ್ ಅಧಿಕಾರಿಗಳು ಇವನನ್ನು ‘ಗಾಂಜಾ ಡಾಕ್ಟರ್’ ಎಂದು ಕರೆದರು. ಹೂವು ಅರಳುವುದಕ್ಕೆ ಮೊದಲೇ, ಬೇರೆಯವರ ಕಣ್ಣಿಗೆ ಎಲ್ಲವೂ ಒಂದೇ ಎಂದು ತೋರುವ ಕಾಲದಲ್ಲಿ, ಅವನು ಸಾಲುಸಾಲಾಗಿ ನಡೆದು ಗಂಡುಗಿಡಗಳನ್ನು ಗುರುತಿಸಿ ಮುರಿಯುತ್ತ ಹೋಗುವನು. ಅಕ್ಷರವನ್ನೇ ಅರಿಯದವನಿಗೂ ಒದಗಬಹುದಾದ ಈ ಸಸ್ಯವಿದ್ಯೆಯನ್ನು ನಾವು ಯಾವ ಶಾಲೆಯ ವಿದ್ಯೆಗೂ ಕಡಿಮೆಯೆಂದು ಎಣಿಸಲಾರೆವು.

ಕೊಯ್ದ ತೆನೆಗಳನ್ನು ಬಿಸಿಲಿನಲ್ಲಿ ಬಾಡಿಸಿ, ಕಾಲಿನಿಂದ ತುಳಿದು ಚಪ್ಪಟೆ ಮಾಡುವರು. ಕೆಲವನ್ನು ಉರುಳಿಸಿ ಗುಂಡಗೆ ಮಾಡುವರು. ಸರಕೆಲ್ಲವೂ ನವಗಾಂವದ ಉಗ್ರಾಣ ಸೇರಿ, ಸುಂಕಕ್ಕೊಳಪಟ್ಟು, ರಹದಾರಿಯೊಡನೆ ಹೊರಗೆ ಹೋಗುವುದು. ಅಬಕಾರಿಯ ಬೊಕ್ಕಸಕ್ಕೆ ಅದು ಒಳ್ಳೆಯ ಆದಾಯ.

ಈ ಆದಾಯವು ನ್ಯಾಯವೇ ಎಂಬ ಪ್ರಶ್ನೆಯು 1893ರಲ್ಲಿ ಬಿಲಾತಿಯ ಪಾರ್ಲಿಮೆಂಟಿನಲ್ಲಿ ಎದ್ದಿತು. ಗಾಂಜಾದಿಂದ ಹಿಂದುಸ್ಥಾನದ ಹುಚ್ಚಾಸ್ಪತ್ರೆಗಳು ತುಂಬುತ್ತಿವೆಯೆಂಬ ದೂರು ಬಂದಿತು. ಏಳು ಮಂದಿಯ ಆಯೋಗವು ನೇಮಕವಾಯಿತು; ಅದರಲ್ಲಿ ಮೂವರು ಭಾರತೀಯರು. 1193 ಮಂದಿಯ ಸಾಕ್ಷ್ಯವನ್ನು ಪಡೆದು 1894ರಲ್ಲಿ ವರದಿಯನ್ನು ಒಪ್ಪಿಸಿದರು. ಅವರು ಆಸ್ಪತ್ರೆಗಳ ದಾಖಲೆಗಳನ್ನೇ ಶೋಧಿಸಿದಾಗ, ರೋಗಿಯ ಪೂರ್ವವೃತ್ತಾಂತವನ್ನು ಸರಿಯಾಗಿ ವಿಚಾರಿಸದೆ ‘ಕಾರಣ: ಗಾಂಜಾ’ ಎಂದು ಬರೆದ ಉದಾಹರಣೆಗಳು ಅನೇಕ ದೊರೆತುವು. ಮಿತವಾದ ಬಳಕೆಯಿಂದ ಹೆಚ್ಚಿನ ಕೇಡಿಲ್ಲ, ಅತಿಯಾದರೆ ಕೇಡುಂಟು, ಪೂರ್ಣ ನಿಷೇಧಕ್ಕಿಂತ ಸುಂಕವೂ ಹತೋಟಿಯೂ ಮೇಲು ಎಂಬುದು ಅವರ ನಿರ್ಣಯ. ದಾಖಲೆಯನ್ನು ಪರೀಕ್ಷಿಸಿದ ಶ್ರದ್ಧೆಯನ್ನು ನಾವು ಮೆಚ್ಚುವೆವು. ಆದರೆ ಆ ನಿರ್ಣಯವನ್ನು ಇಂದಿಗೆ ಹಾಗೆಯೇ ಅನ್ವಯಿಸುವವರನ್ನು ಒಪ್ಪಲಾರೆವು. ಈಗಿನ ತಳಿಗಳಲ್ಲಿ ಮತ್ತಿನ ಅಂಶವು ಬಹಳ ಹೆಚ್ಚಿದೆ. ಎಳೆಯ ಹರೆಯದಲ್ಲಿ ಇದಕ್ಕೆ ಕೈಹಾಕಿದವರಿಗೆ ಚಿತ್ತವಿಕಾರದ ಅಪಾಯವು ಹೆಚ್ಚೆಂದು ವೈದ್ಯರು ಕಂಡಿರುವರು. ಮನೆಯಲ್ಲಿ ಮಕ್ಕಳಿರುವವರು ಇದನ್ನು ಅರಿತಿರುವುದು ಒಳಿತು.

ನವಗಾಂವದ ಬೆಳೆಗಾರರು 1917ರಲ್ಲಿ ತಮ್ಮದೇ ಸಹಕಾರ ಸಂಘವನ್ನು ಕಟ್ಟಿದರು. ಅದರ ಹಣದಿಂದ ಶಾಲೆಗಳೂ ಔಷಧಾಲಯಗಳೂ ನಡೆದುವು. ಮತ್ತಿನ ಬೆಳೆಯ ಲಾಭದಿಂದ ಮಕ್ಕಳಿಗೆ ಅಕ್ಷರಾಭ್ಯಾಸ! ವಾಚಕರು ನಗಬಹುದು, ಸಾರಾಯಿಯ ಸುಂಕದಿಂದ ಶಾಲೆ ನಡೆಯಿಸಿದ ಸರಕಾರಗಳು ನಮ್ಮಲ್ಲಿಯೂ ಇದ್ದುವೆಂಬುದನ್ನು ಮರೆಯಬಾರದು. 1947ರಲ್ಲಿ ಆ ನಾಡು ಪೂರ್ವ ಪಾಕಿಸ್ತಾನಕ್ಕೆ ಸೇರಿತು, 1971ರಲ್ಲಿ ಬಾಂಗ್ಲಾದೇಶವಾಯಿತು. ಬೇಸಾಯವು ನಡೆದೇ ಇತ್ತು. 1961ರ ಅಂತರರಾಷ್ಟ್ರೀಯ ಒಡಂಬಡಿಕೆಯ ಅನಂತರ ದೇಶದೇಶಗಳಲ್ಲಿ ಕಟ್ಟುಪಾಡು ಬಿಗಿಯಾಗುತ್ತ ಬಂದು, 1987ರಲ್ಲಿ ನವಗಾಂವದಲ್ಲಿಯೂ ಬೆಳೆ ನಿಂತಿತು.

ನಮ್ಮಲ್ಲಿ ನಾರಿಗೂ ಬೀಜಕ್ಕೂ ಅಪ್ಪಣೆ ಕೊಡಲು 1985ರ ಕಾಯಿದೆಯಲ್ಲಿಯೇ ಅವಕಾಶವಿದೆ. ಉತ್ತರಾಖಂಡವು 2018ರಲ್ಲಿ ಮತ್ತಿನ ಅಂಶವು ಶೇಕಡಾ 0.3ನ್ನು ಮೀರದ ತಳಿಗೆ ಪರವಾನಗಿಯನ್ನು ಕೊಡತೊಡಗಿತು. ನವಗಾಂವದಲ್ಲಿ ಮಾತ್ರ ಪೋದ್ದಾರನಿಗೆ ಕೆಲಸ ಉಳಿಯಲಿಲ್ಲ. ಗಂಡುಗಿಡವನ್ನು ಹುಡುಕುತ್ತ ಅವನು ನಡೆದಾಡಿದ ಆ ಸೀಮೆಯು ಇಂದು ಭತ್ತಕ್ಕೂ ಮಾವಿಗೂ ಹೆಸರಾಗಿದೆ.