ಕಣಿವೆ ಹತ್ತಿದ ಸಂತೆ

ವೆನ್ಸ್ಲಿಯಲ್ಲಿ ಈಗ ಸಂತೆ ನಡೆಯುವುದಿಲ್ಲ. ಇಂಗ್ಲೆಂಡಿನ ಉತ್ತರಕ್ಕೆ, ಯಾರ್ಕ್‌ಶೈರಿನಲ್ಲಿ, ಯೂರ್ ನದಿಯ ಪಕ್ಕದ ಪುಟ್ಟ ಹಳ್ಳಿ ಅದು. ಊರಿನ ಗಾತ್ರಕ್ಕೆ ಮೀರಿದ ಹಳೆಯ ಚರ್ಚು, ನದಿಗೆ ಕಟ್ಟಿದ ಕಲ್ಲಿನ ಸೇತುವೆ, ಒಂದಷ್ಟು ಮನೆಗಳು. ಕಣ್ಣುಮುಚ್ಚಿ ತೆರೆಯುವುದರೊಳಗೆ ಬಸ್ಸು ಊರು ದಾಟಿಬಿಡುತ್ತದೆ. ಆದರೂ ಇಡೀ ಕಣಿವೆ ಇವತ್ತಿಗೂ ಈ ಹಳ್ಳಿಯ ಹೆಸರಿನಲ್ಲೇ ಇದೆ: ವೆನ್ಸ್ಲಿಡೇಲ್. ಅಕ್ಕಪಕ್ಕದ ಸ್ವೇಲ್‌ಡೇಲ್, ವಾರ್ಫ್‌ಡೇಲ್ ಕಣಿವೆಗಳಿಗೆ ಅಲ್ಲಿಯ ನದಿಗಳ ಹೆಸರು ಬಂದಿದ್ದರೆ, ಇಲ್ಲಿ ಊರಿನ ಹೆಸರು ನಿಂತಿತು. 1202ರಲ್ಲೇ ವೆನ್ಸ್ಲಿಗೆ ಸಂತೆಯ ಸನ್ನದು ಸಿಕ್ಕಿತ್ತು. ಬಹುಕಾಲ ಕಣಿವೆಗೆಲ್ಲ ಅದೊಂದೇ ಸಂತೆ.

1563ರಲ್ಲಿ ಪ್ಲೇಗು ಬಂತು. ಚರ್ಚಿನ ದಫ್ತರದಲ್ಲಿ ಆ ವರ್ಷದ್ದೇನೂ ಬರೆದಿಲ್ಲ. ಪ್ಲೇಗಿನ ಅಬ್ಬರವೇ ಅದಕ್ಕೆ ಕಾರಣವಿರಬೇಕೆಂದು ಆಮೇಲೆ ಯಾರೋ ಟಿಪ್ಪಣಿ ಸೇರಿಸಿದ್ದಾರೆ. ಬದುಕುಳಿದವರಲ್ಲಿ ಬಹಳ ಮಂದಿ ಊರು ಬಿಟ್ಟರು. ಸಂತೆಗೆ ಹಳೆಯ ಕಳೆ ಮತ್ತೆ ಬರಲೇ ಇಲ್ಲ.

ಆ ಕಾಲದ ಇಂಗ್ಲೆಂಡಿನಲ್ಲಿ ಮನಸ್ಸು ಬಂದ ಕಡೆ ಸಂತೆ ಕೂಡಿಸುವಂತಿರಲಿಲ್ಲ. ಅದಕ್ಕೆ ರಾಜನ ಸನ್ನದು ಬೇಕು; ಸನ್ನದು ಪಡೆದವನಿಗೆ ಸುಂಕ ಎತ್ತುವ ಹಕ್ಕು. ಕುರಿ ಹೊಡೆದುಕೊಂಡು ಹೋಗಿ, ಮಾರಿ, ಉಪ್ಪು ಬಟ್ಟೆ ಕೊಂಡು, ಕತ್ತಲಾಗುವ ಮೊದಲು ಮನೆ ಸೇರುವಷ್ಟು ದೂರದಲ್ಲಿ ಸಂತೆ ಇದ್ದರೆ ಮಾತ್ರ ರೈತನಿಗೆ ಉಪಯೋಗ. ಹಾಗಾಗಿ ವೆನ್ಸ್ಲಿ ಸೊರಗಿದ ಮೇಲೆ ಸಂತೆ ಕಣಿವೆಯ ಮೇಲಕ್ಕೆ ಹತ್ತತೊಡಗಿತು. 1587ರಲ್ಲಿ ಎಲಿಜಬೆತ್ ರಾಣಿಯ ಸನ್ನದು ಆಸ್ಕ್ರಿಗ್ ಊರಿಗೆ ಬಂತು. ಅದಾಗಿ ನೂರು ವರ್ಷ ದಾಟಿದ ಮೇಲೆ, 1699ರಲ್ಲಿ, ಮೂರನೇ ವಿಲಿಯಂ ಇನ್ನೂ ಮೇಲಿನ ಹಾಝ್ ಊರಿಗೆ ಸನ್ನದು ಕೊಟ್ಟ. ವೆನ್ಸ್ಲಿಯಿಂದ ಹಾಝ್‌ಗೆ ಸುಮಾರು 25 ಕಿ.ಮೀ. ಇದರ ನಡುವೆ ಎರಡನೇ ಚಾರ್ಲ್ಸನ ಕಾಲದಲ್ಲಿ, ವೆನ್ಸ್ಲಿಗೆ ತೀರ ಹತ್ತಿರದ ಲೇಬರ್ನ್ ಕೂಡ ಸಂತೆ ಗಿಟ್ಟಿಸಿಕೊಂಡಿತು. ಕೆಳಗಿನವರಿಗೆ ಲೇಬರ್ನ್, ಮೇಲಿನವರಿಗೆ ಹಾಝ್: ಈ ಪಾಲು ಇವತ್ತಿಗೂ ಹಾಗೇ ಇದೆ.

ನಡುವಿನ ಆಸ್ಕ್ರಿಗ್ ಏನಾಯಿತು? ನನಗೆ ಈ ಕಣಿವೆಯಲ್ಲಿ ಬಹಳ ಹಿಡಿಸಿದ ಊರು ಅದು. ಒಂದು ಕಾಲಕ್ಕೆ ಗಡಿಯಾರ ಮಾಡುವವರಿಗೆ, ಉಣ್ಣೆ ಹೆಣೆಯುವವರಿಗೆ ಹೆಸರಾಗಿತ್ತು. ಚರ್ಚಿನ ಮುಂದೆ ಸಂತೆಯ ಶಿಲುಬೆ ಇನ್ನೂ ನಿಂತಿದೆ. ಅದರ ಹತ್ತಿರ ನೆಲದ ಕಲ್ಲುಹಾಸಿನಲ್ಲಿ ಒಂದು ಕಬ್ಬಿಣದ ಬಳೆ ಹುಗಿದಿದೆ. ಹೋರಿಯನ್ನು ಅದಕ್ಕೆ ಬಿಗಿದು ನಾಯಿ ಛೂ ಬಿಡುವ ಆಟ ಆಗ ಸಂತೆಯ ಮನರಂಜನೆಯಾಗಿತ್ತು. ಆಸ್ಕ್ರಿಗ್ ಸೋತದ್ದು ರಸ್ತೆಯ ಕೈಯಲ್ಲಿ. ಪಶ್ಚಿಮ ಕಡಲಿನ ಲ್ಯಾಂಕಾಸ್ಟರ್ ಬಂದರಿನಿಂದ ರಿಚ್‌ಮಂಡಿಗೆ ಬರುತ್ತಿದ್ದ ಸುಂಕದ ಹೆದ್ದಾರಿಯನ್ನು 1795ರಲ್ಲಿ ತಿರುಗಿಸಿ ಹಾಝ್ ಮೂಲಕ ಹಾಯಿಸಿದರು. ಗಾಡಿಗಳು ಹೋದ ಕಡೆಗೆ ವ್ಯಾಪಾರ ಹೋಯಿತು. ಈಗ ಆಸ್ಕ್ರಿಗ್ ಬಹಳ ಜನಕ್ಕೆ ಗೊತ್ತಿರುವುದು 1978ರಲ್ಲಿ ಶುರುವಾದ ಬಿಬಿಸಿ ಧಾರಾವಾಹಿಯಿಂದ. ಹಳ್ಳಿಗಾಡಿನ ಪಶುವೈದ್ಯರ ಕಥೆಯ ಆ ಧಾರಾವಾಹಿಯನ್ನು ಇಲ್ಲಿ ಚಿತ್ರೀಕರಿಸಿದ್ದರು.

ಹಾಝ್ ಸಮುದ್ರಮಟ್ಟದಿಂದ ಸುಮಾರು 260 ಮೀಟರ್ ಎತ್ತರದಲ್ಲಿದೆ. ಇಂಗ್ಲೆಂಡಿನ ಸಂತೆಯೂರುಗಳಲ್ಲಿ ಇದಕ್ಕಿಂತ ಎತ್ತರದವು ಕಡಿಮೆ. ಜನಸಂಖ್ಯೆ ಸಾವಿರದ ಮೇಲೆ ಸ್ವಲ್ಪ. ಸುತ್ತ ಪೆನೈನ್ ಗುಡ್ಡಗಳು, ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳು, ಹೊಲಕ್ಕೊಂದು ಕಲ್ಲಿನ ಕೊಟ್ಟಿಗೆ. ಊರ ನಡುವೆಯೇ ಗೇಲ್ ತೊರೆ ಸೇತುವೆಯಡಿ ಧುಮುಕಿ ಹೋಗುತ್ತದೆ. ನಾನು ಹೋದದ್ದು ಮಂಗಳವಾರ, ಸಂತೆಯ ದಿನ. ಮುಖ್ಯ ಬೀದಿಯ ಅಂಚಿನಲ್ಲಿ ಮಳಿಗೆಗಳು ಸಾಲುಗಟ್ಟಿದ್ದವು. ತರಕಾರಿ, ಮೀನು, ಬಟ್ಟೆ, ಹೂಗಿಡ, ನಾಯಿಗೆ ಬೇಕಾದ ಸಾಮಾನು. ಕೊಳ್ಳುವವರಲ್ಲಿ ಅರ್ಧ ಬೆನ್ನಿಗೆ ಚೀಲ ಹೊತ್ತ ಚಾರಣಿಗರು. ಪೆನೈನ್ ವೇ ಎಂಬ ಹೆಸರುವಾಸಿ ಕಾಲುದಾರಿ ಊರೊಳಗೇ ಹಾದುಹೋಗುತ್ತದೆ. ಆದರೆ ಊರಿನವರ ನಿಜವಾದ ಸಂತೆ ನೋಡಬೇಕಾದರೆ ಬರ್ಟರ್ಸೆಟ್ ರಸ್ತೆಯ ಜಾನುವಾರು ಹರಾಜುಕಟ್ಟೆಗೆ ಹೋಗಬೇಕು. ಹಿಂದೆ ಈ ವ್ಯಾಪಾರವೂ ಬೀದಿಯಲ್ಲೇ ನಡೆಯುತ್ತಿತ್ತು. ಕಪ್ಪು ಮುಖ, ಬಿಳಿ ಮೂತಿ, ಸುರುಳಿ ಕೊಂಬಿನ ಸ್ವೇಲ್‌ಡೇಲ್ ಕುರಿಗಳು ಕಟಕಟೆಯೊಳಗೆ ಬರುತ್ತವೆ, ಒಂದು ಸುತ್ತು ಹಾಕುತ್ತವೆ, ಹೋಗುತ್ತವೆ. ಹರಾಜು ಕೂಗುವವನ ಬಾಯಿ ಬಿಡುವಿಲ್ಲದೆ ಓಡುತ್ತಿರುತ್ತದೆ. ಸುತ್ತ ಕೂತವರು ಕಣ್ಣುರೆಪ್ಪೆ, ಬೆರಳು ಆಡಿಸಿಯೇ ಸವಾಲು ಏರಿಸುತ್ತಾರೆ. ಅಲ್ಲಿ ಪ್ರವಾಸಿಗೆ ಯಾರೂ ಗಮನ ಕೊಡುವುದಿಲ್ಲ. ನನಗೆ ಅದೇ ಹಿತವೆನಿಸಿತು.

ಆದರೆ ಸನ್ನದು, ಹೆದ್ದಾರಿ, ಹರಾಜುಕಟ್ಟೆ ಇಷ್ಟೇ ಸಾಲದು. ಇವೆಲ್ಲ ಇದ್ದೂ ಮಲಗಿಬಿಟ್ಟ ಊರುಗಳು ಈ ಪ್ರಾಂತ್ಯದಲ್ಲಿವೆ. ಹಾಝ್ ಎದ್ದು ನಿಂತಿರುವುದು ಹಾಲಿನ ಬಲದ ಮೇಲೆ. ಇಲ್ಲಿ ಕರೆದ ಹಾಲು ಇಲ್ಲೇ ಚೀಸ್ ಆಗಬೇಕೆಂದು ಜನ ಹಿಡಿದ ಹಟದ ಮೇಲೆ.

ಕಣಿವೆಗೆ ಚೀಸ್ ತಂದವರು ಫ್ರಾನ್ಸಿನಿಂದ ಬಂದ ಕ್ರೈಸ್ತ ಸನ್ಯಾಸಿಗಳು ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. 12ನೇ ಶತಮಾನದ ನಡುವಿನಲ್ಲಿ ಅವರು ಮೊದಲು ಆಸ್ಕ್ರಿಗ್ ಬಳಿಯ ಫೋರ್ಸ್ ಎಂಬಲ್ಲಿ ನೆಲೆಯೂರಲು ನೋಡಿದರು. ಅಲ್ಲಿಯ ಚಳಿಗೂ ಬಡ ಮಣ್ಣಿಗೂ ಸೋತು 1156ರಲ್ಲಿ ಕೆಳಗಿನ ಜೆರ್ವೋಗೆ ಮಠ ಸಾಗಿಸಿದರು. ಮೇಲಿನ ಹುಲ್ಲುಗಾವಲು ಮಾತ್ರ ಬಿಡಲಿಲ್ಲ. ಶುರುವಿನಲ್ಲಿ ಚೀಸ್ ಆಗುತ್ತಿದ್ದುದು ಕುರಿಯ ಹಾಲಿನಿಂದ. ಹಸುವಿನ ಹಾಲು ಆ ಜಾಗ ಹಿಡಿದದ್ದು ನಿಧಾನವಾಗಿ. ಎಂಟನೇ ಹೆನ್ರಿ ಮಠಗಳ ಮೇಲೆ ಕೈಹಾಕಿದಾಗ ಉತ್ತರದ ಜನ ದಂಗೆ ಎದ್ದರು. ಅದರ ಹಿನ್ನೆಲೆಯಲ್ಲಿ ಜೆರ್ವೋದ ಮಠಾಧಿಪತಿ ಆಡಂ ಸೆಡ್ಬಾರ್‌ಗೆ 1537ರಲ್ಲಿ ಲಂಡನ್ನಿನಲ್ಲಿ ಮರಣದಂಡನೆಯಾಯಿತು. ಮಠ ಪಾಳುಬಿತ್ತು. ಆದರೆ ಚೀಸ್ ಮಾಡುವ ಕೈಚಳಕ ಅಷ್ಟರಲ್ಲಿ ರೈತರ ಅಡುಗೆಮನೆ ಸೇರಿತ್ತು.

ಮುಂದಿನ ಮುನ್ನೂರೈವತ್ತು ವರ್ಷ ಅದನ್ನು ಕಾಪಾಡಿದವರು ಮನೆಯ ಹೆಂಗಸರು. ಹೊಲದ ಕೊಟ್ಟಿಗೆಯಲ್ಲಿ ಕರೆದ ಹಾಲು ಬೆನ್ನಿಗೆ ಕಟ್ಟಿದ ತಗಡಿನ ಕ್ಯಾನಿನಲ್ಲಿ ಮನೆಗೆ ಬರುತ್ತಿತ್ತು. ಬೆಚ್ಚಗೆ ಮಾಡಿ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪಾಗಿಸಬೇಕು. ಹೆಪ್ಪಾದದ್ದನ್ನು ಕೊಯ್ದು ನೀರು ಬಸಿಯಬೇಕು, ಪುಡಿಮಾಡಿ ಬಟ್ಟೆ ಸುತ್ತಿ ಕಲ್ಲಿನ ಭಾರದಡಿ ಒತ್ತಬೇಕು, ಆಮೇಲೆ ಉಪ್ಪುನೀರಿನಲ್ಲಿ ಮುಳುಗಿಸಬೇಕು. ದಿನ ತಪ್ಪದ ಕೆಲಸ, ಮೈಮುರಿಯುವ ಕೆಲಸ. ಆಗಿನ ವೆನ್ಸ್ಲಿಡೇಲ್ ಚೀಸ್ ಈಗಿನದಕ್ಕಿಂತ ಮೆತ್ತಗಿತ್ತು. ಹಳತಾದಂತೆ ಅದರೊಳಗೆ ನೀಲಿ ಬೂಷ್ಟಿನ ಗೆರೆಗಳು ಹಬ್ಬುತ್ತಿದ್ದವು. ಹಾಲು ಒಂದು ದಿನ ತಾಳುವುದಿಲ್ಲ, ಚೀಸ್ ತಿಂಗಳುಗಟ್ಟಲೆ ತಾಳುತ್ತದೆ. ಬೇಸಿಗೆಯ ಹುಲ್ಲನ್ನು ದುಡ್ಡಾಗಿ ಮಾಡಲು ಗುಡ್ಡದ ರೈತನಿಗೆ ಇದ್ದ ದಾರಿ ಇದೊಂದೇ. ಇದನ್ನು ಮಾಡಿದ ಹೆಂಗಸರ ಹೆಸರುಗಳು ಯಾವ ಸನ್ನದಿನಲ್ಲೂ ಇಲ್ಲ. ಈ ಊರಿನ ಕಥೆಯಲ್ಲಿ ರಾಜರಿಗಿಂತ ಮುಂದೆ ಕೂರಬೇಕಾದವರು ಅವರು ಎಂದು ನಾನು ನಂಬುತ್ತೇನೆ.

1878ರಲ್ಲಿ ಹಾಝ್‌ಗೆ ರೈಲು ಬಂತು. ಅದು ಕೊಟ್ಟದ್ದೂ ಉಂಟು, ಕಿತ್ತುಕೊಂಡದ್ದೂ ಉಂಟು. ಚೀಸ್ ದೂರದ ಪೇಟೆಗಳಿಗೆ ಹೋಗುವಂತಾಯಿತು. ಜೊತೆಗೆ ಹಸಿ ಹಾಲೇ ಕ್ಯಾನುಗಳಲ್ಲಿ ನಗರಗಳಿಗೆ ಹರಿಯತೊಡಗಿತು. ಹಾಲನ್ನೇ ಕೊಳ್ಳುವವರಿದ್ದರೆ ಚೀಸಿನ ಗೋಜು ಯಾರಿಗೆ ಬೇಕು? ಕಾಳಿನ ವ್ಯಾಪಾರಿ ಎಡ್ವರ್ಡ್ ಚಾಪ್‌ಮನ್ ಬೇರೆಯದೇ ಲೆಕ್ಕ ಹಾಕಿದ. ರೈತರು ಅವನಿಗೆ ದನದ ಮೇವಿನ ದುಡ್ಡನ್ನು ಚೀಸಿನಲ್ಲಿ ತೀರಿಸುವುದಿತ್ತು. ಮನೆಮನೆಯ ಚೀಸ್ ಒಂದೊಂದು ಥರ ಇರುವುದನ್ನು ಕಂಡವನು, 1897ರಲ್ಲಿ ಸುತ್ತಲಿನ ಹಾಲನ್ನೆಲ್ಲ ಕೊಂಡು ಹಾಝ್‌ನಲ್ಲೇ ದೊಡ್ಡದಾಗಿ ಚೀಸ್ ಮಾಡಿಸಲು ಶುರುಮಾಡಿದ. ಹಾಝ್ ಕ್ರೀಮರಿ ಹುಟ್ಟಿದ್ದು ಹಾಗೆ.

1930ರ ದಶಕದ ಆರ್ಥಿಕ ಕುಸಿತ ಈ ಕ್ರೀಮರಿಯನ್ನೂ ಮುಳುಗಿಸಿತು. ಹಾಲು ಹಾಕಿದ ರೈತರಿಗೆ ಬಾಕಿ ಬೆಳೆಯುತ್ತಾ ಹೋಯಿತು. 1933ರಲ್ಲಿ ಸರ್ಕಾರ ಹಾಲು ಮಾರಾಟ ಮಂಡಳಿ ತಂದಿತ್ತು. ಇಲ್ಲಿಯ ಹಾಲನ್ನು ದೊಡ್ಡ ಡೇರಿಗೆ ಸಾಗಿಸಿ, ಕ್ರೀಮರಿ ಮುಚ್ಚುವ ಮಾತು ಎದ್ದಿತು. ಆಗ ಕಿಟ್ ಕ್ಯಾಲ್ವರ್ಟ್ ಮುಂದೆ ಬಂದರು. ಪಕ್ಕದ ಬರ್ಟರ್ಸೆಟ್ಟಿನವರು, 1903ರಲ್ಲಿ ಹುಟ್ಟಿದವರು, ಕಲ್ಲುಗಣಿ ಕೂಲಿಯೊಬ್ಬರ ಮಗ. ಹೇಳಿಕೊಳ್ಳುವಂಥ ಆಸ್ತಿಯೇನೂ ಇರಲಿಲ್ಲ. 1935ರಲ್ಲಿ ಅವರು ಊರಿನ ಸಭೆ ಕರೆದರು. ಬಾಕಿ ಬರದೆ ಕೈಸುಟ್ಟುಕೊಂಡಿದ್ದ ರೈತರ ಮುಂದೆಯೇ ನಿಂತು, ಇನ್ನಷ್ಟು ದುಡ್ಡು ಹಾಕಿ, ಕ್ರೀಮರಿ ನಾವೇ ನಡೆಸೋಣ ಎಂದು ಒಪ್ಪಿಸಿದರು. ಆ ಸಭೆಯಲ್ಲಿ ಇದ್ದಿರಬಹುದಾದ ಸಂಶಯವನ್ನು ನೆನೆದರೆ ಅವರ ಮೇಲಿನ ಗೌರವ ಹೆಚ್ಚುತ್ತದೆ. ಕ್ಯಾಲ್ವರ್ಟ್ ಮುಂದೆ ದಶಕಗಳ ಕಾಲ ಕ್ರೀಮರಿ ನಡೆಸಿದರು. ಹಳೆಯ ಪುಸ್ತಕಗಳ ಅಂಗಡಿ ಇಟ್ಟರು. ಬೈಬಲಿನ ಭಾಗಗಳನ್ನು ಕಣಿವೆಯ ಆಡುಮಾತಿಗೆ ತಂದರು. 1984ರಲ್ಲಿ ತೀರಿಕೊಂಡರು. ಬಾಯಲ್ಲಿ ಪೈಪು ಕಚ್ಚಿದ ಅವರ ಚಿತ್ರ ಊರಿನಲ್ಲಿ ಈಗಲೂ ಕಾಣಸಿಗುತ್ತದೆ.

ಎರಡನೇ ಮಹಾಯುದ್ಧ ಚೀಸಿನ ಸ್ವಭಾವವನ್ನೇ ಬದಲಿಸಿತು. ಪಡಿತರದ ಕಾಲದಲ್ಲಿ ಹೆಚ್ಚುಕಡಿಮೆ ಎಲ್ಲ ಹಾಲೂ 'ಸರ್ಕಾರಿ ಚೆಡ್ಡಾರ್' ಎಂಬ ಒಂದೇ ಬಗೆಯ ಗಟ್ಟಿ ಚೀಸಿಗೆ ಹೋಯಿತು. ಬ್ರಿಟನ್ನಿನಲ್ಲಿ ಪಡಿತರ ಪೂರ್ತಿ ಮುಗಿದದ್ದು 1954ಕ್ಕೆ. ಅಷ್ಟರಲ್ಲಿ ಮನೆಯಲ್ಲಿ ಚೀಸ್ ಮಾಡುವ ಕುಟುಂಬಗಳು ಬೆರಳೆಣಿಕೆಗೆ ಇಳಿದಿದ್ದವು. ಮೆತ್ತನೆಯ ನೀಲಿಗೆರೆಯ ಚೀಸ್ ಹಿಂದೆ ಸರಿದು, ಇವತ್ತು ನಾವು ಕಾಣುವ ಬಿಳಿಯ, ಉದುರುದುರಾದ, ಎಳೆಯದರಲ್ಲೇ ತಿನ್ನುವ ಚೀಸ್ ವೆನ್ಸ್ಲಿಡೇಲ್ ಎನಿಸಿಕೊಂಡಿತು. ತುಸು ಹುಳಿ, ಕೊನೆಗೆ ಜೇನಿನ ಎಳೆ. ಯಾರ್ಕ್‌ಶೈರಿನವರು ಇದನ್ನು ಕ್ರಿಸ್‌ಮಸ್ ಹಣ್ಣಿನ ಕೇಕಿನ ಜೊತೆ ತಿನ್ನುತ್ತಾರೆ. ಮೊದಲ ತುತ್ತಿಗೆ ವಿಚಿತ್ರ ಅನಿಸಿದರೂ ಎರಡನೆಯದಕ್ಕೆ ಕಾರಣ ತಿಳಿಯುತ್ತದೆ.

1966ರಲ್ಲಿ ಕ್ರೀಮರಿ ಹಾಲು ಮಾರಾಟ ಮಂಡಳಿಯ ಕೈಗೆ ಹೋಯಿತು. ಮುಂದೆ ಮಂಡಳಿಯದೇ ಅಂಗವಾದ ಡೇರಿ ಕ್ರೆಸ್ಟ್ ಕಂಪನಿ 1992ರ ಮೇ ತಿಂಗಳಲ್ಲಿ ಅದನ್ನು ಮುಚ್ಚಿತು. 59 ಜನ ಕೆಲಸ ಕಳೆದುಕೊಂಡರು. ವೆನ್ಸ್ಲಿಡೇಲ್ ಚೀಸ್ ಇನ್ನು ಲ್ಯಾಂಕಾಶೈರಿನಲ್ಲಿ ತಯಾರಾಗುವುದೆಂದು ಕಂಪನಿ ಹೇಳಿತು. ಯಾರ್ಕ್‌ಶೈರ್, ಲ್ಯಾಂಕಾಶೈರ್ ನಡುವಿನ ಪೈಪೋಟಿ 15ನೇ ಶತಮಾನದ 'ಗುಲಾಬಿಗಳ ಯುದ್ಧ'ದ ನೆನಪಿನೊಂದಿಗೆ ಇವತ್ತಿಗೂ ಕ್ರಿಕೆಟ್ ಮೈದಾನದಲ್ಲಿ ಜೀವಂತ. ಕೆಲಸ ಹೋದ ನೋವಿನ ಮೇಲೆ ಇದು ಉಪ್ಪು ಸವರಿದ ಹಾಗಾಯಿತು. ಸುದ್ದಿ ದೇಶವೆಲ್ಲ ಹರಡಿತು. ಅದೇ ವರ್ಷದ ಕೊನೆಯೊಳಗೆ ಕ್ರೀಮರಿಯ ಹಳೆಯ ವ್ಯವಸ್ಥಾಪಕರು ಸ್ಥಳೀಯ ಉದ್ಯಮಿಯೊಬ್ಬರ ಜೊತೆಗೂಡಿ ಅದನ್ನು ಕೊಂಡು ಮತ್ತೆ ಒಲೆ ಹೊತ್ತಿಸಿದರು. ಹಳೆಯ ಕೆಲಸಗಾರರು ವಾಪಸು ಬಂದರು. ಮೂರು ವರ್ಷದ ಮೇಲೆ ಅಚ್ಚರಿಯ ನೆರವೊಂದು ಸಿಕ್ಕಿತು: ನಿಕ್ ಪಾರ್ಕ್ ಅವರ ಜೇಡಿಮಣ್ಣಿನ ಬೊಂಬೆ ಚಿತ್ರದಲ್ಲಿ ಚೀಸ್ ಪ್ರಿಯ ವಾಲೇಸ್ ಬಾಯಿಂದ ವೆನ್ಸ್ಲಿಡೇಲ್ ಹೆಸರು ಬಂತು. ಹೆಸರು ಹೇಳುವಾಗ ಬೊಂಬೆಯ ಬಾಯಿ ಅಗಲವಾಗಿ ಚೆನ್ನಾಗಿ ಕಾಣುತ್ತದೆ ಎಂಬುದೇ ಆ ಆಯ್ಕೆಗೆ ಕಾರಣವಂತೆ. ವಾಲೇಸ್ ಮತ್ತವನ ನಾಯಿ ಗ್ರೋಮಿಟ್ ಚಿತ್ರವಿರುವ ಚೀಸ್ ಈಗಲೂ ಮಾರಾಟವಾಗುತ್ತದೆ.

ರೈಲು ಮಾತ್ರ ಮರಳಲಿಲ್ಲ. 1954ರಲ್ಲಿ ಪೂರ್ವದ ಕಡೆಯಿಂದ, 1959ರಲ್ಲಿ ಪಶ್ಚಿಮದ ಕಡೆಯಿಂದ ಪ್ರಯಾಣಿಕರ ಗಾಡಿ ನಿಂತಿತು. ಹಳೆಯ ನಿಲ್ದಾಣ ಈಗ ಕಣಿವೆಯ ಬದುಕಿನ ವಸ್ತುಸಂಗ್ರಹಾಲಯ. ಈಗಲೂ ರೈಲು ನಿಲ್ಲುವ ಹತ್ತಿರದ ಗಾರ್ಸ್‌ಡೇಲ್ ನಿಲ್ದಾಣದಲ್ಲಿ ಇಳಿದವರನ್ನು ಊರಿಗೆ ತರುವುದು ಸ್ಥಳೀಯರೇ ಸೇರಿ ಓಡಿಸುವ ಪುಟ್ಟ ಬಿಳಿ ಬಸ್ಸು. ಅಂಚೆ ಕಚೇರಿ, ಗ್ರಂಥಾಲಯ, ಪೆಟ್ರೋಲ್ ಬಂಕು ಒಂದೊಂದಾಗಿ ಕೈಬಿಟ್ಟುಹೋಗುವ ಹೊತ್ತಿನಲ್ಲಿ ಅವನ್ನೂ ಇದೇ ಸಮುದಾಯ ಸಂಸ್ಥೆ ವಹಿಸಿಕೊಂಡಿದೆ. 1935ರ ಸಭೆಯ ಗುಣ ಇಲ್ಲಿ ಇನ್ನೂ ಸತ್ತಿಲ್ಲ.

ಗೇಲ್ ರಸ್ತೆಯ ಕ್ರೀಮರಿಯಲ್ಲಿ ಗಾಜಿನಾಚೆ ನಿಂತು ಚೀಸ್ ಮಾಡುವುದನ್ನು ನೋಡಬಹುದು. ಬಿಳಿ ಬಟ್ಟೆಯ ಕೆಲಸಗಾರರು ಉದ್ದನೆಯ ತೊಟ್ಟಿಗಳ ಅಂಚಿಗೆ ಬಾಗಿ ಹೆಪ್ಪನ್ನು ಕೈಯಿಂದಲೇ ಮಗುಚುತ್ತಿರುತ್ತಾರೆ. 2021ರಲ್ಲಿ ಈ ಕ್ರೀಮರಿಯನ್ನು ಕೆನಡಾದ ಸಾಪುಟೊ ಕಂಪನಿ ಕೊಂಡಿತು. ಅದಕ್ಕೆ ಎರಡು ವರ್ಷ ಮೊದಲು ಡೇರಿ ಕ್ರೆಸ್ಟನ್ನೂ ಕೊಂಡಿದ್ದು ಅದೇ ಸಾಪುಟೊ. ಮುಚ್ಚಿದವರೂ ಮುಚ್ಚಿಸಿಕೊಂಡವರೂ ಹೀಗೆ ಒಂದೇ ಮನೆ ಸೇರಿದ್ದು ನನ್ನಲ್ಲಿ ದಿಗಿಲು ಹುಟ್ಟಿಸುತ್ತದೆ. ಧೈರ್ಯ ಕೊಡುವುದು 2013ರಲ್ಲಿ ದಕ್ಕಿದ ಭೌಗೋಳಿಕ ಮಾನ್ಯತೆ. 'ಯಾರ್ಕ್‌ಶೈರ್ ವೆನ್ಸ್ಲಿಡೇಲ್' ಎಂದು ಚೀಸಿನ ಮೇಲೆ ಬರೆಯಬೇಕಾದರೆ, ಮಾಲೀಕರು ಎಲ್ಲಿಯವರೇ ಆಗಿರಲಿ, ಅದನ್ನು ಈ ಕಣಿವೆಯಲ್ಲೇ ಮಾಡಿರಬೇಕು.