ಸಾಗುವಾನಿ ಬೋಳಾಯ್ತೆಂದು ಕೊಡಲಿ ಎತ್ತಬೇಡಿ: ಇದು ಪತಂಗದ ಮರಿಹುಳದ ಕೆಲಸ

ಹಳಿಯಾಳ, ದಾಂಡೇಲಿ, ಯಲ್ಲಾಪುರದಂಥ ಸಾಗುವಾನಿ ಸೀಮೆಯಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದು ಮರ ಚಿಗುರಿದ ಕೆಲವೇ ದಿನಗಳಲ್ಲಿ ತೋಪಿಗೆ ತೋಪೇ ಬೋಳಾಗುವುದುಂಟು. ಗದ್ದೆ ಬದುವಿನಲ್ಲಿ, ಹಿತ್ತಲಲ್ಲಿ ನಾಲ್ಕು ಮರ ಬೆಳೆಸಿದವರಿಗೆ ಆಗ ಒಂದೇ ಚಿಂತೆ: ಮರ ಸತ್ತುಹೋಯ್ತಾ? ಇಲ್ಲ. ಇದು ರೋಗವೂ ಅಲ್ಲ. 'ಹೈಬ್ಲಿಯಾ ಪ್ಯೂರಾ' ಎಂಬ ಪತಂಗದ ಮರಿಹುಳಗಳು ಎಲೆ ತಿಂದಿವೆ, ಅಷ್ಟೇ.

ಗುರುತು ಹೇಗೆ?
ಪತಂಗ ಚಿಕ್ಕದು. ರೆಕ್ಕೆ ಬಿಚ್ಚಿದರೆ ಮೂರ್ನಾಲ್ಕು ಸೆಂಟಿಮೀಟರ್. ಮುಂದಿನ ರೆಕ್ಕೆ ಬೂದುಗಂದು, ಹಿಂದಿನದು ಕಪ್ಪು; ಅದರ ಮೇಲೆ ಕಿತ್ತಳೆ-ಹಳದಿ ಪಟ್ಟೆ. ಭಾರತವಷ್ಟೇ ಅಲ್ಲ, ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್, ಇಂಡೋನೇಷ್ಯಾದಲ್ಲೂ ಇದೆ.

ತಿಂಗಳೊಳಗೆ ಒಂದು ಸುತ್ತು
ಹೆಣ್ಣು ಪತಂಗ ಎಳೆ ಎಲೆಗಳ ಮೇಲೆ ಬಿಡಿಬಿಡಿಯಾಗಿ ನೂರಾರು ಮೊಟ್ಟೆ ಇಡುತ್ತದೆ. ಎರಡು-ಮೂರು ದಿನದಲ್ಲಿ ಮರಿ ಹೊರಬರುತ್ತದೆ. ಎಲೆಯ ಅಂಚು ಮಡಚಿ, ನೂಲಿನಿಂದ ಬಿಗಿದು, ಒಳಗೆ ಕೂತು ತಿನ್ನುತ್ತದೆ. ಎರಡು ವಾರದೊಳಗೆ ಬಲಿತ ಹುಳ ನೂಲು ಹಿಡಿದು ಕೆಳಗಿಳಿದು, ತರಗೆಲೆಯಡಿ ಕೋಶ ಕಟ್ಟುತ್ತದೆ. ಸುಮಾರು ಒಂದು ವಾರದಲ್ಲಿ ಮತ್ತೆ ಪತಂಗ ಹಾರುತ್ತದೆ. ಎಲ್ಲ ಮರಗಳೂ ಒಟ್ಟಿಗೆ ಚಿಗುರುವ ಕಾಲಕ್ಕೇ ಇವು ಹಿಂಡಾಗಿ ಬರುವುದರಿಂದ ಹಾನಿ ಜಾಸ್ತಿ ಕಾಣುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಎಲೆ ಜರಡಿಯಂತಾಗಿ ಬರೀ ನರ ಉಳಿದಿದ್ದರೆ ಅದು ಬೇರೊಂದು ಪತಂಗದ ಹುಳದ ಕೆಲಸ.

ನಷ್ಟ ಎಷ್ಟು?
ಮರ ಕೆಲವು ವಾರದಲ್ಲಿ ಮತ್ತೆ ಚಿಗುರುತ್ತದೆ. ಆದರೆ ನಷ್ಟವೇ ಇಲ್ಲ ಅನ್ನುವಂತಿಲ್ಲ. ದಪ್ಪಗಾಗಬೇಕಾದ ಹೊತ್ತಿನಲ್ಲಿ ಮರದ ಶಕ್ತಿ ಹೊಸ ಎಲೆಗೆ ಖರ್ಚಾಗುತ್ತದೆ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ನಿಲಂಬೂರಿನ ಎಳೆ ನೆಡುತೋಪಿನಲ್ಲಿ ನಡೆಸಿದ ಅಧ್ಯಯನದಲ್ಲಿ, ಹುಳ ತಿಂದ ಮರಗಳಲ್ಲಿ ಆಗಬೇಕಿದ್ದ ಬೆಳವಣಿಗೆಯಲ್ಲಿ ಶೇ. 44ರಷ್ಟು ಖೋತಾ ಆಗಿತ್ತು. ಎಳೆ ಗಿಡದ ತುದಿಕುಡಿಯನ್ನೇ ತಿಂದರೆ ಕಾಂಡ ಕವಲೊಡೆದು, ಮುಂದೆ ನೆಟ್ಟನೆ ದಿಮ್ಮಿ ಸಿಗುವುದಿಲ್ಲ.

ಔಷಧಿ ಹೊಡೀಬೇಕಾ?
ದೊಡ್ಡ ಮರಕ್ಕೆ ಬೇಡ. ಪಂಪು ಅಷ್ಟು ಎತ್ತರಕ್ಕೆ ಮುಟ್ಟುವುದೂ ಇಲ್ಲ. ವಿಷ ಹೊಡೆದರೆ ಈ ಹುಳಗಳನ್ನೇ ತಿಂದು ಬದುಕುವ ಕಣಜ, ಜೇಡಗಳೂ ಸಾಯುತ್ತವೆ. ಈ ಹುಳಕ್ಕೇ ತಗಲುವ ಒಂದು ವೈರಸ್ ಕೂಡ ಕಾಡಿನಲ್ಲಿದೆ. ನಿಲಂಬೂರಿನಲ್ಲಿ ಅದನ್ನೇ ಸಿಂಪಡಿಸಿ ಹುಳ ಹತೋಟಿಗೆ ತಂದ ಪ್ರಯೋಗಗಳೂ ನಡೆದಿವೆ. ಹೊಸದಾಗಿ ನೆಟ್ಟ ಗಿಡಗಳಿದ್ದವರು ಚಿಗುರಿನ ಸಮಯದಲ್ಲಿ ಎಲೆ ಮಡಿಕೆ ಬಿಚ್ಚಿ ನೋಡಿ, ಹುಳ ಆರಿಸಿ ತೆಗೆದರೆ ಸಾಕು.