ವಾಸಿಯಾಗದ ರೋಗಿಯ ಶುಶ್ರೂಷೆ: ಅದರ ಶಿಕ್ಷಣ ಮತ್ತು ಪ್ರಮಾಣಪತ್ರ

ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗಾಗಿ ಹಿಡಿಯುವ ದಾರಿಗಳು ಬಹುಕಾಲದಿಂದ ಗೊತ್ತಾದವೇ. ಕೆಲವರು ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆಗೆ ಹೋಗುತ್ತಾರೆ. ಕೆಲವರು ಹೈದರಾಬಾದಿನ ಎಂ.ಎನ್.ಜೆ. ಸಂಸ್ಥೆಗೆ, ಇನ್ನು ಕೆಲವರು ಕಲಬುರಗಿಗೆ. 2017ರಲ್ಲಿ ಬೀದರ-ಕಲಬುರಗಿ ರೈಲುಮಾರ್ಗ ತೆರೆದ ಮೇಲೆ ಹುಮನಾಬಾದಿನವರ ಪ್ರಯಾಣ ತುಸು ಸುಗಮವಾಯಿತು. ಆದರೆ ಹೋದವರೆಲ್ಲ ಗುಣವಾಗಿ ಮರಳುವುದಿಲ್ಲ. "ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದೊಯ್ಯಿರಿ" ಎಂಬ ಮಾತು ಕೇಳಿ ಊರಿಗೆ ಬಂದ ರೋಗಿಗೆ ಮುಂದಿನ ವಾರಗಳು, ತಿಂಗಳುಗಳು ಹೇಗೆ ಕಳೆಯುತ್ತವೆ? ವೈದ್ಯರ ಕೆಲಸ ಮುಗಿದಿರಬಹುದು. ನೋವಿನ ಕೆಲಸ ಮುಗಿದಿರುವುದಿಲ್ಲ. ಮಾಡುವುದೇನೂ ಉಳಿದಿಲ್ಲವೆಂಬುದು ನಿಜವೂ ಅಲ್ಲ. ಉಳಿದಿರುವ ಆ ಕೆಲಸಕ್ಕೇ ಉಪಶಾಮಕ ಶುಶ್ರೂಷೆಯೆಂದು ಹೆಸರು.

ಇಂಥ ರೋಗಿಗಳಿಗೆ ಆಶ್ರಯ ಕೊಡುವ ಮನೆಯನ್ನು ಹಾಸ್ಪಿಸ್ ಎನ್ನುತ್ತಾರೆ. ಅತಿಥಿ, ಆತಿಥೇಯ ಎರಡನ್ನೂ ಸೂಚಿಸುವ ಲ್ಯಾಟಿನ್ ಮೂಲದಿಂದ ಬಂದ ಈ ಶಬ್ದ ಮೊದಲು ಯಾತ್ರಿಕರ ತಂಗುಮನೆಗೆ ಸಲ್ಲುತ್ತಿತ್ತು. ದಾಸೋಹದ ನಾಡಿನವರಿಗೆ ಇದರ ಅರ್ಥ ಹೊಸದೆನಿಸಲಾರದು. ಆಧುನಿಕ ರೂಪದ ಹಾಸ್ಪಿಸನ್ನು 1967ರಲ್ಲಿ ಲಂಡನ್ನಿನಲ್ಲಿ ತೆರೆದವರು ಡಾ. ಸಿಸಿಲಿ ಸಾಂಡರ್ಸ್. ಅವರು ಮೊದಲು ದಾದಿಯಾಗಿದ್ದು ಅನಂತರ ವೈದ್ಯರಾದವರೆಂಬುದು ಗಮನಾರ್ಹ. ದೇಹದ ನೋವಿನ ಜೊತೆಗೆ ಮನಸ್ಸಿನ ಕಳವಳ, ಸಂಸಾರದ ಚಿಂತೆ, ಸಾವಿನ ಭಯ ಇವೆಲ್ಲ ಹೆಣೆದುಕೊಂಡಿರುತ್ತವೆಂದು ಕಂಡು, ಅದನ್ನು ಅವರು ಸಮಗ್ರ ನೋವು ಎಂದು ಕರೆದರು. ಭಾರತದ ಮೊದಲ ಹಾಸ್ಪಿಸ್ ಶಾಂತಿ ಅವೇದನಾ ಸದನ 1986ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಬೆಂಗಳೂರಿನ ಹಾಸ್ಪಿಸ್ ಟ್ರಸ್ಟ್ 1994ರಲ್ಲಿ ಹುಟ್ಟಿ, 1999ರಲ್ಲಿ 'ಕರುಣಾಶ್ರಯ'ದ ಬಾಗಿಲು ತೆರೆಯಿತು. ಅಲ್ಲಿ ರೋಗಿಗಳಿಂದ ಹಣ ಪಡೆಯುವುದಿಲ್ಲ. ಆದರೆ ಹುಮನಾಬಾದಿನಿಂದ ಬೆಂಗಳೂರು ಆರುನೂರಕ್ಕೂ ಹೆಚ್ಚು ಕಿಲೋಮೀಟರು ದೂರ.

ಈ ಶುಶ್ರೂಷೆಗೆ ಮೃದು ಹೃದಯವೊಂದಿದ್ದರೆ ಸಾಲದೇ, ಶಿಕ್ಷಣವೇಕೆ ಎಂಬ ಪ್ರಶ್ನೆ ಸಹಜ. ಒಂದು ಉದಾಹರಣೆಯನ್ನು ನೋಡಬಹುದು. ಬಾಯಿಯ ಮೂಲಕ ಕೊಡುವ ಸಾಮಾನ್ಯ ಮಾರ್ಫಿನ್ ಗುಳಿಗೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಮಾತ್ರ ಇರುತ್ತದೆ. ಆದ್ದರಿಂದ ನೋವು ಮರುಕಳಿಸುವವರೆಗೆ ಕಾಯದೆ, ಗಡಿಯಾರ ನೋಡಿ ಕೊಡಬೇಕು. ಅದು ಮಲಬದ್ಧತೆಯನ್ನು ತರುವುದು ಬಹುತೇಕ ಖಚಿತವಾದುದರಿಂದ ಜೊತೆಯಲ್ಲಿಯೇ ವಿರೇಚಕವೂ ಬೇಕು. ಇದನ್ನರಿಯದ ಮನೆಯವರು, ಚಟವಾದೀತೆಂದು ಹೆದರಿ, ರೋಗಿ ಚೀರುವವರೆಗೆ ಗುಳಿಗೆಯನ್ನು ಬಚ್ಚಿಡುವುದುಂಟು. ನೋವಿಗೆ ತಕ್ಕ ಪ್ರಮಾಣದಲ್ಲಿ ವೈದ್ಯರ ನಿಗಾದಲ್ಲಿ ಕೊಟ್ಟಾಗ ಆ ಭಯಕ್ಕೆ ಹೆಚ್ಚಿನ ಆಧಾರವಿಲ್ಲವೆಂದು ತಿಳಿಹೇಳುವುದು ದಾದಿಯ ಕೆಲಸ. ಕೊಳೆತು ನಾರುವ ಹುಣ್ಣಿಗೆ ಮೆಟ್ರೊನಿಡಜೋಲ್ ಗುಳಿಗೆಯ ಪುಡಿ ಉದುರಿಸಿದರೆ ದುರ್ವಾಸನೆ ಇಳಿಯುತ್ತದೆ. ಸುಲಭ ಬೆಲೆಯ ಈ ಉಪಾಯದಿಂದ ಹತ್ತಿರ ಬರಲು ಹಿಂಜರಿಯುತ್ತಿದ್ದ ಮೊಮ್ಮಕ್ಕಳು ಮತ್ತೆ ಅಜ್ಜಿಯ ಮಗ್ಗುಲಲ್ಲಿ ಕುಳಿತಾರು. ರೋಗಿಯ ಮಗ್ಗುಲು ಬದಲಿಸುವುದು, ಬಾಯಿ ಶುಚಿಗೊಳಿಸುವುದು, ಉಸಿರು ಕಟ್ಟಿದಾಗ ಗಾಬರಿಗೊಳ್ಳದೆ ಕೂಡಿಸುವುದು, ಇವೂ ಕಲಿಯದೆ ಬರುವಂಥವಲ್ಲ. ಎಲ್ಲಕ್ಕಿಂತ ಕಠಿನವಾದುದು ಮಾತು. "ಅಪ್ಪನಿಗೆ ಮಾತ್ರ ಹೇಳಬೇಡಿ" ಎಂದು ಮಗ ಬೇಡಿಕೊಂಡಿರುತ್ತಾನೆ. ತಂದೆಗೆ ಎಲ್ಲವೂ ತಿಳಿದಿರುತ್ತದೆ. ಇಬ್ಬರ ನಡುವೆ ದಾದಿ ಸುಳ್ಳಾಡದೆ, ಒರಟಾಗದೆ ನಿಲ್ಲಬೇಕು.

ಪ್ರಮಾಣಪತ್ರಕ್ಕೆ ಕಾನೂನಿನ ನಂಟೂ ಇದೆ. ಅಫೀಮನ್ನು ಸರಕಾರದ ಪರವಾನಗಿಯಿಂದಲೇ ಬೆಳೆಯುವ ದೇಶದಲ್ಲಿ, 1985ರ ಮಾದಕ ದ್ರವ್ಯ ಕಾಯಿದೆ ಬಂದ ಮೇಲೆ ಆಸ್ಪತ್ರೆಗಳಿಗೆ ಮಾರ್ಫಿನ್ ದೊರೆಯುವುದೇ ದುಸ್ತರವಾಯಿತು. ಹಲವು ಪರವಾನಗಿಗಳ ತೊಡಕಿಗೆ ಹೆದರಿ ಅನೇಕರು ಅದನ್ನು ತರಿಸುವುದನ್ನೇ ಬಿಟ್ಟರು. 2014ರ ತಿದ್ದುಪಡಿ ಈ ತೊಡಕನ್ನು ಸಡಿಲಿಸಿತು. ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಮಾರ್ಫಿನನ್ನು ಇರಿಸಿಕೊಳ್ಳಬಹುದು. ಆದರೆ ನೋವು ನಿವಾರಣೆಯಲ್ಲಿ ತರಬೇತಿ ಹೊಂದಿದ ಒಬ್ಬ ವೈದ್ಯರಾದರೂ ಅಲ್ಲಿರಬೇಕು. ಅಂದರೆ ಒಂದು ಊರಿನ ರೋಗಿ ರಾತ್ರಿ ನಿದ್ರಿಸುವನೋ ನರಳುವನೋ ಎಂಬುದು ಅಲ್ಲಿನ ಒಬ್ಬರು ಪಡೆದ ತರಬೇತಿಯನ್ನೂ ಅವಲಂಬಿಸಿದೆ. ಭಾರತದಲ್ಲಿ ದಾದಿ ಮಾರ್ಫಿನನ್ನು ಬರೆದುಕೊಡುವಂತಿಲ್ಲ. ಆಫ್ರಿಕದ ಉಗಾಂಡಾ ದೇಶ ವಿಶೇಷ ಶಿಕ್ಷಣ ಪಡೆದ ದಾದಿಯರಿಗೆ 2004ರಲ್ಲಿಯೇ ಆ ಅಧಿಕಾರವನ್ನಿತ್ತಿದೆ. ವೈದ್ಯರು ವಿರಳವಾದ ಪ್ರದೇಶಗಳು ಯೋಚಿಸತಕ್ಕ ಸಂಗತಿ ಇದು.

ಅಮೆರಿಕದಲ್ಲಿ ನೋಂದಾಯಿತ ದಾದಿ ಈ ಕ್ಷೇತ್ರದ ಪ್ರಮಾಣಪತ್ರ ಪರೀಕ್ಷೆಗೆ ಕೂಡಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 500 ಗಂಟೆ, ಇಲ್ಲವೆ ಇಪ್ಪತ್ನಾಲ್ಕು ತಿಂಗಳಲ್ಲಿ 1000 ಗಂಟೆ ಇದೇ ಸೇವೆಯಲ್ಲಿ ದುಡಿದಿರಬೇಕು. ಒಮ್ಮೆ ಪಡೆದ ಪತ್ರ ಆಜೀವ ಸಲ್ಲುವುದಿಲ್ಲ. ಅವಧಿ ಮುಗಿದಾಗ ನವೀಕರಿಸಿಕೊಳ್ಳಬೇಕು. ಭಾರತದ ಕ್ರಮ ಇದಕ್ಕಿಂತ ಸರಳ. 1994ರಲ್ಲಿ ಸ್ಥಾಪಿತವಾದ ಭಾರತೀಯ ಉಪಶಾಮಕ ಆರೈಕೆ ಸಂಘವು ದಾದಿಯರಿಗಾಗಿ ಕೆಲವು ವಾರಗಳ ಪ್ರಮಾಣಪತ್ರ ಶಿಕ್ಷಣ ನಡೆಸುತ್ತದೆ, ಉದ್ಯೋಗದಲ್ಲಿದ್ದುಕೊಂಡೇ ಓದಬಹುದು. ತಿರುವನಂತಪುರದ ಪಾಲಿಯಂ ಇಂಡಿಯಾ ಸಂಸ್ಥೆಯ ಶಿಕ್ಷಣದಲ್ಲಿ ರೋಗಿಯ ಹಾಸಿಗೆಯ ಬಳಿಯೇ ಪಾಠ. ಪುಸ್ತಕದ ಓದಿಗಿಂತ ಇದು ಮೇಲೆಂಬುದರಲ್ಲಿ ಸಂದೇಹವಿಲ್ಲ. ಇವು ಯಾವುವೂ ಮೂಲ ಶಿಕ್ಷಣಕ್ಕೆ ಬದಲಿಯಲ್ಲ. ಪಿ.ಯು.ಸಿ. ನಂತರ ಮೂರು ವರ್ಷದ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ ಮೇಲಿನ ಮಾತು ಇದು.

ಗಡಿನಾಡಿನ ವಿದ್ಯಾರ್ಥಿನಿಯರಿಗೆ ಇಲ್ಲೊಂದು ಅನುಕೂಲವಿದೆ. ಉರಿ, ಜೋಮು, ಕರೆಂಟು ಹೊಡೆದಂತಹ ಸೆಳೆತ ನರದ ನೋವಿನ ಲಕ್ಷಣಗಳು. ಅದಕ್ಕೆ ಮಾರ್ಫಿನ್ ಒಂದೇ ಸಾಲದೆ ಬೇರೆ ಔಷಧವೂ ಬೇಕಾಗುವುದು. ಒಳಗೆ ಕೊರೆಯುವ ಎಲುಬಿನ ನೋವಿನ ಪರಿ ಬೇರೆ. ಯಾವ ನೋವೆಂಬುದನ್ನು ರೋಗಿಯ ಮಾತಿನಿಂದಲೇ ತಿಳಿಯಬೇಕು. ಆ ಮಾತು ಬಸವಕಲ್ಯಾಣದ ಹಳ್ಳಿಗಳಲ್ಲಿ ಕನ್ನಡದಲ್ಲಿರಬಹುದು, ಮರಾಠಿಯಲ್ಲಿರಬಹುದು, ಉರ್ದುವಿನಲ್ಲೋ ಲಂಬಾಣಿಯಲ್ಲೋ ಇರಬಹುದು. ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆಯಾಡಿ ಬೆಳೆದ ಹುಡುಗಿಗೆ ಈ ವ್ಯತ್ಯಾಸ ಕಿವಿಗೆ ಬಿದ್ದೊಡನೆ ತಿಳಿಯುತ್ತದೆ.